ಓದಿ ಕತ್ತರಿಸುತ್ತಿದ್ದ ಅಕ್ಕೋರು

ಆ ಮಧ್ಯಾಹ್ನ ಹುಮನಾಬಾದಿನ ಅಕ್ಕೋರ ಮನೆಯ ಪಡಸಾಲೆಯಲ್ಲಿ ನಾವು ಮೂವರು ಹೆಂಗಸರಿದ್ದೆವು. ಅಕ್ಕೋರು ಸೆರಗನ್ನು ಸೊಂಟಕ್ಕೆ ಬಿಗಿದು ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಮಡಿಲಲ್ಲಿ ಹಳೆಯ ಪೇಪರುಗಳ ಕಟ್ಟು. ಅವರ ಎದುರಿಗೆ ಕತ್ತರಿ ಹಿಡಿದು ನಾನು. ಕಂಬಕ್ಕೆ ಆನಿಕೊಂಡು ನನ್ನ ಅತ್ತೆ. "ನಾ ಬರೇ ನೋಡಾಕ ಬಂದೀನಿ" ಎಂದು ಬಂದವರು ಜೋಳದ ಹಿಟ್ಟಿನ ಅಂಟಿನ ಬಟ್ಟಲನ್ನು ಯಾವಾಗಲೋ ತಮ್ಮ ಮುಂದಕ್ಕೆ ಎಳೆದುಕೊಂಡಿದ್ದರು. ಮನೆಯಲ್ಲಿ ನಾಲ್ಕನೆಯವರೂ ಒಬ್ಬರಿದ್ದರು. ಆದರೆ ಅವರು ಒಳಕೋಣೆಯಲ್ಲಿ, ಮುಚ್ಚಿದ ಬಾಗಿಲ ಹಿಂದೆ ಇದ್ದರು. ಅವರು ಅಕ್ಕೋರ ಗಂಡ. ಊರೆಲ್ಲ ಅವರನ್ನು ಪೇಂಟರ್ ಕಾಕಾ ಎನ್ನುತ್ತಿತ್ತು. ಕಣ್ಣಿನ ಬೆಳಕು ಹೋದ ಮೇಲೆ, ಐದು ತಿಂಗಳಿಂದ ಅವರು ಆ ಕೋಣೆ ಬಿಟ್ಟು ಹಿತ್ತಲಿಗೆ ಹೊರತು ಎಲ್ಲಿಗೂ ಬಂದವರಲ್ಲ.

ಮರುದಿನ ಕ್ರಿಸ್‌ಮಸ್. ನಾಲ್ಕು ಗಂಟೆಯ ಕಲ್ಯಾಣದ ಬಸ್ಸಿಗೆ ಅವರ ಒಬ್ಬಳೇ ಮಗಳು ಮೂರು ತಿಂಗಳ ಕೂಸನ್ನು ಕರೆದುಕೊಂಡು ಬರುವವಳಿದ್ದಳು. ಅವಳನ್ನು ಬಸವಕಲ್ಯಾಣಕ್ಕೆ ಕೊಟ್ಟಿದ್ದರು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕಾದದ್ದು; ಈ ಮನೆಯ ಸ್ಥಿತಿ ನೋಡಿ ಬೀಗರೇ ಬೇಡವೆಂದು ಉಳಿಸಿಕೊಂಡಿದ್ದರು. ಅಕ್ಕೋರು ಮಾತ್ರ ಹೋಗಿ ಬಾಣಂತಿಯನ್ನು ನೋಡಿ ಬಂದಿದ್ದರು. ಕಾಕಾ ಹೋಗಲಿಲ್ಲ. "ನನಗ ನೋಡೂದೇನದ ಅಲ್ಲಿ" ಎಂದು ಒಮ್ಮೆ ಅಂದವರು ಮತ್ತೆ ಆ ಮಾತನ್ನೇ ಎತ್ತಿರಲಿಲ್ಲ.

"ಆಕಿ ಬಂದಾಗ ಇದು ಹಬ್ಬದ ಮನಿ ಆಗಿರಬೇಕು," ಅಂದರು ಅಕ್ಕೋರು. "ಅವರು ಈ ಕುರ್ಚಿ ಮ್ಯಾಲ ಬಂದು ಕುಂತಿರಬೇಕು. ಇಷ್ಟ ಆದ್ರ ಸಾಕು ನನಗ."

"ಅವರು ಹೊರಗ ಬರದಿದ್ರ ಕುರ್ಚೀನ ಒಳಗ ಒಯ್ದ ಇಡೂಣ ಬಿಡ್ರಿ," ಅಂದರು ಅತ್ತೆ.

ಅಕ್ಕೋರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವರ ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಎಷ್ಟೇ ನಗು ಬಂದರೂ ಆ ಕೈ ಮೊದಲು ಮೇಲೇಳುತ್ತಿತ್ತು, ನಗು ಆಮೇಲೆ.

ಈ ಸಲದ ಬೇಸಿಗೆಯಲ್ಲಿ ಕಲ್ಯಾಣದಿಂದ ಅಕ್ಕೋರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಆ ಕೈ.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ಊರಲ್ಲಿ ಅಂಥವರು ನಾಲ್ಕೈದು ಮಂದಿ ಇದ್ದರು. ಆದರೆ ನಮ್ಮ ಓಣಿಯಲ್ಲಿ ಬರೀ "ಅಕ್ಕೋರು" ಅಂದರೆ ಇವರೊಬ್ಬರೇ. ನಾನು ಘಾಟಬೋರಾಳ ಹಳ್ಳಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಶಾಲೆ ಮುಗಿಸಿ, ಹೊಲ ಮನೆ ಕಲಿತು, ಹುಮನಾಬಾದಿನ ಕಿರಾಣಿ ಅಂಗಡಿಯವರ ಸೊಸೆಯಾಗಿ ಬಂದವಳು. ನಮಗೂ ಅವರಿಗೂ ನಡುವೆ ಒಂದು ಗೋಡೆ. ಬಂದ ಎಂಟು ದಿನಕ್ಕೇ ಅವರನ್ನು ಮೊದಲು ನೋಡಿದ್ದು ನಮ್ಮ ಅಂಗಡಿಯ ಮುಂದೆ. ಬಗಲಲ್ಲಿ ಕೊಡೆ, ಸೆರಗಿನ ತುದಿಯ ಗಂಟಿನಲ್ಲಿ ಸುಣ್ಣದ ಕಡ್ಡಿಯ ತುಂಡುಗಳು. ಮಾವನವರನ್ನು ಕೇಳುತ್ತಿದ್ದರು:

"ಸಾವಕಾರ್ರ, ನಿನ್ನೆ ಶೇಂಗಾ ಕಟ್ಟಿ ಕೊಟ್ರಲ್ಲ, ಆ ಕಾಗದದ ಇನ್ನೊಂದ ಅರ್ಧ ಅದ ಏನ್ರಿ?"

ಮಾವನವರು ಹಣೆ ಬಡಿದುಕೊಂಡರು. "ಅದು ಯಾರ ಮನೀಗಿ ಬೆಲ್ಲ ಹೊತಗೊಂಡ ಹೋಗ್ಯಾದೋ ಏನೋ, ಅಕ್ಕೋರ! ಶೇಂಗಾ ಚಲೋ ಇದ್ವೋ ಇಲ್ಲೋ ಅಷ್ಟ ಹೇಳ್ರಿ."

"ಶೇಂಗಾ ಚಲೋ ಇದ್ವು. ಕಾಗದನ ಅರ್ಧಕ್ಕ ಕೈ ಕೊಟ್ಟದ. ಒಬ್ಬಾಕಿ ಮದವಿ ನಿಂತು ಹೋಗೂದ್ರಾಗ ಅದ, ಪೋಲೀಸ್ರು ಬಂದಾರ. ಮುಂದ ಏನಾತಂತ ನನಗ ಗೊತ್ತಾಗಬ್ಯಾಡಾ?"

ಅಕ್ಷರ ಬಿದ್ದ ಕಾಗದವನ್ನು ಓದದೆ ಬಿಡುವುದು ಅವರಿಂದ ಆಗುತ್ತಿರಲಿಲ್ಲ. ಉಪ್ಪು ಕಟ್ಟಿದ್ದಾಗಲಿ, ಔಷಧಿ ಸುತ್ತಿದ್ದಾಗಲಿ, ಬಿಚ್ಚಿ, ಮಡಿಕೆ ಸರಿಮಾಡಿ, ಕೊನೆಯ ಸಾಲಿನವರೆಗೂ ಓದಿಯೇ ಒಲೆಗೋ ಕಪಾಟಿಗೋ ಹಾಕುತ್ತಿದ್ದರು. "ಯಾವನೋ ಕುಂತು ಮಳಿ ಜೋಡ್ಸ್ಯಾನ. ಒಂದ ಸಲನಾದ್ರೂ ಓದಬೇಕವ್ವಾ," ಅನ್ನುತ್ತಿದ್ದರು. ಮಳಿ ಅಂದರೆ ಅಚ್ಚಿನ ಮೊಳೆ. ನಾಲ್ಕನೆಯ ಇಯತ್ತೆಗೆ ನಿಂತುಹೋಗಿದ್ದ ನನ್ನ ಓದು ಮತ್ತೆ ಶುರುವಾದದ್ದು ಈ ಪೊಟ್ಟಣದ ಕಾಗದಗಳಿಂದಲೇ. ಅಡುಗೆಮನೆಯ ಕಿಂಡಿಯಿಂದ ಅವರು ಆಚೆ ನಿಂತು, "ಇವತ್ತ ಸಕ್ಕರಿ ಕಾಗದದಾಗ ಏನದ?" ಎಂದು ಕೇಳುತ್ತಿದ್ದರು. ನಾನು ತಡವರಿಸಿ ಓದಿ ಹೇಳಬೇಕು. ತಪ್ಪಿದರೆ ಬೈಯುತ್ತಿರಲಿಲ್ಲ. "ಹೌದಾ? ಹಂಗ ಬರದಾರ? ಇನ್ನೊಮ್ಮಿ ನೋಡು," ಅಷ್ಟೇ.

ಶಾಲೆಯಲ್ಲೂ ಅವರ ರೀತಿ ಹೀಗೆಯೇ. ಯಾವುದಾದರೂ ಹುಡುಗಿ ನಾಲ್ಕು ದಿನ ಬರಲಿಲ್ಲವೆಂದರೆ ಸಂಜೆ ಕೊಡೆ ಹಿಡಿದು ಅವಳ ಮನೆ ಬಾಗಿಲಿಗೆ ಹೋಗುವರು. ಶಾಲೆಯ ಮಾತೇ ಎತ್ತುವುದಿಲ್ಲ. "ಒಂದ ತಂಬಗಿ ನೀರ ಕೊಡ್ರಿ" ಎಂದು ಕೇಳಿ, ಕುಡಿದು, "ಚಲೋ ನೀರು" ಎಂದು ಹೇಳಿ ಎದ್ದು ಬರುವರು. ಮರುದಿನ ಮತ್ತೆ ನೀರು. ಮೂರನೆಯ ದಿನ ಆ ಹುಡುಗಿಯ ಅವ್ವನೇ ಕೊಡ ಇಳಿಸಿ, "ಅಕ್ಕೋರ, ನಾಳಿಂದ ಕಳಸ್ತೀನಿ, ನಿಮಗ ಕೈ ಮುಗೀತೀನಿ, ಇನ್ನ ನೀರ ಕುಡೀಲಾಕ ಬರಬ್ಯಾಡ್ರಿ" ಅನ್ನುವಳು.

ನೀರಿನ ಮಾತು ಬಂದಿತೆಂದು ಹೇಳುತ್ತೇನೆ. ನಮ್ಮ ಅತ್ತೆ ಅವರ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲ. ಗೋಡೆಗೆ ಗೋಡೆ ಹತ್ತಿದ ಸ್ನೇಹ, ದಿನಕ್ಕೆ ನಾಲ್ಕು ಸಲ ಹೋಗಿ ಬರುವುದು, ಅವರ ಮಗಳ ಬಾಣಂತನಕ್ಕೆ ತುಪ್ಪ ಕಾಸಿ ಕಳಿಸಿದ್ದು ಎಲ್ಲ ನಿಜ; ನೀರು ಮಾತ್ರ ಇಲ್ಲ. ಅಕ್ಕೋರು ಇದನ್ನು ಒಂದು ದಿನವೂ ಬಾಯಿಬಿಟ್ಟು ಅನ್ನಲಿಲ್ಲ. ಕ್ರಿಸ್‌ಮಸ್ಸಿಗೆ ನಮ್ಮ ಮನೆಗೆ ಉಂಡಿ ಕರ್ಜಿಕಾಯಿ ಕಳಿಸುವ ಬದಲು ರವೆ, ಸಕ್ಕರೆ, ಒಣಕೊಬ್ಬರಿ ಕಳಿಸುತ್ತಿದ್ದರು. "ನಮ್ಮ ಹಬ್ಬದ ಉಂಡಿ ನೀವ ಕಟಗೊಂಡ ತಿನ್ರಿ" ಎಂದು ಹೇಳಿ ಹೋಗುವರು. ಅತ್ತೆ ಕಟ್ಟುವರು, ತಿನ್ನುವರು, "ಬಡಾದಿನದ ಉಂಡಿ ಈ ವರ್ಷ ಚಲೋ ಆಗ್ಯಾವ" ಎಂದು ತಮ್ಮ ಕೈಯ ಉಂಡಿಗೆ ತಾವೇ ತಲೆದೂಗುವರು. ಕ್ರಿಸ್‌ಮಸ್ಸಿಗೆ ಅವರು ನಿಜಾಮನ ಕಾಲದ ರೂಢಿಯಂತೆ ಬಡಾದಿನ ಅಂತಲೇ ಅನ್ನುತ್ತಿದ್ದರು.

ಇನ್ನು ಕಾಕಾ. ಐವತ್ತಾರರಲ್ಲಿ ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಬಜಾರಿನ ಫಲಕಗಳೆಲ್ಲ ಉರ್ದುವಿನಿಂದ ಕನ್ನಡಕ್ಕೆ ತಿರುಗಿದವಂತೆ. ತಿರುಗಿಸಿದ ಕೈ ಕಾಕಾ ಅವರದು. ಉರ್ದು ಬಲದಿಂದ, ಕನ್ನಡ ಎಡದಿಂದ. ಎರಡನ್ನೂ ನೂಲು ಹಿಡಿಯದೆ ಗೆರೆ ತಪ್ಪದೆ ಬರೆಯುವರು ಎಂದು ಮಾವನವರು ಹೇಳುತ್ತಿದ್ದರು. ನಮ್ಮ ಅಂಗಡಿಯ ಫಲಕವೂ ಅವರದೇ. ಕ್ರಿಸ್‌ಮಸ್ ಬಂತೆಂದರೆ ಅವರ ಮನೆ ಇಡೀ ಓಣಿಗೆ ನೋಡುವ ಮನೆ. ಬಿದಿರ ಸೀಳು ಬಗ್ಗಿಸಿ ಪತಂಗದ, ಅಂದರೆ ಗಾಳಿಪಟದ, ಕಾಗದ ಹಚ್ಚಿ ಆಳೆತ್ತರದ ನಕ್ಷತ್ರ ಕಟ್ಟುತ್ತಿದ್ದರು. ಬಾಗಿಲ ಚೌಕಟ್ಟಿಗೆ ಬಳ್ಳಿ, ಹಕ್ಕಿ. ಖರ್ಚಿಗೆ ಹಿಂದೆ ಮುಂದೆ ನೋಡುವ ಮನುಷ್ಯನಲ್ಲ.

ಅಂಥವರ ಕಣ್ಣು ಮಸುಕಾಗುತ್ತ ಬಂತು. ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಆಗಿದ್ದರೆ ತೆಗೆಯಬಹುದಿತ್ತು, ಇದು ಕಾಚಬಿಂದು, ಹೋದ ಬೆಳಕು ತಿರುಗಿ ಬರುವುದಿಲ್ಲ ಎಂದು ಸೊಲ್ಲಾಪುರದ ಡಾಕ್ಟರು ಹೇಳಿ ಕಳಿಸಿದರು. ಆದರೂ ಕಾಕಾ ಯಾರಿಗೂ ಹೇಳದೆ ಕೈ ಅಂದಾಜಿನಲ್ಲೇ ಬರೆಯುತ್ತಿದ್ದರು. ಕೊನೆಯದಾಗಿ ಬರೆದದ್ದು ಬಜಾರಿನ ಒಂದು ಬಟ್ಟೆ ಅಂಗಡಿಯ ಫಲಕ. ಅದರಲ್ಲಿ ಒಂದು ಅಕ್ಷರದ ಮೇಲೆ ಇನ್ನೊಂದು ಅಕ್ಷರ ಹತ್ತಿ ಕೂತಿತ್ತು. ಅಂಗಡಿಯವರು ದೊಡ್ಡ ಮನಸ್ಸಿನವರು, ಏನೂ ಅನ್ನದೆ ತೂಗುಹಾಕಿದರು. ಸಂತೆಗೆ ಬಂದವನೊಬ್ಬ ಕೆಳಗೆ ನಿಂತು, "ಬರದಾಂವ ಕುಡದ ಬರದಾನೇನಲೇ?" ಎಂದು ಗಟ್ಟಿಯಾಗಿ ನಕ್ಕ. ಪಕ್ಕದ ಚಹಾದಂಗಡಿಯಲ್ಲಿ ಕಾಕಾ ಕೂತಿದ್ದರು. ಕಪ್ಪು ಕೆಳಗಿಟ್ಟು, ಗೋಡೆ ಹಿಡಿದುಕೊಂಡು ಮನೆಗೆ ಬಂದವರು ಒಳಕೋಣೆ ಸೇರಿದರು.

ಹೀಗೆ ಆ ವರ್ಷ ಮನೆಯಲ್ಲಿ ಒಂದೇ ಸಂಬಳ. ಅದರಲ್ಲೇ ಔಷಧಿ, ಅದರಲ್ಲೇ ಮಗಳಿಗೆ ಕೊಡುವುದು ಬಿಡುವುದು. ಹಬ್ಬದ ಶೃಂಗಾರಕ್ಕೆ ಬಜಾರಿನಿಂದ ಒಂದು ಕಡ್ಡಿಯೂ ಬರಬಾರದು ಎಂದು ಅಕ್ಕೋರು ಗಟ್ಟಿ ಮಾಡಿಕೊಂಡಿದ್ದರು. ಪಾನಂಗಡಿಯವನು ಸಿಗರೇಟು ಪಾಕೀಟಿನ ಬೆಳ್ಳಿ ಕಾಗದ ಕೂಡಿಸಿ ಕೊಟ್ಟಿದ್ದ. ತವರಿನಿಂದ ನಾನು ಒಣಗಿದ ಕುಸುಬಿ ಹೂವು ತರಿಸಿದ್ದೆ; ಅದನ್ನು ಕುದಿಸಿದ ನೀರಿನಲ್ಲಿ ಪೇಪರು ಅದ್ದಿದರೆ ಕಿತ್ತಳೆ ಬಣ್ಣ. ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿದರೆ ಆಕಾಶದ ಬಣ್ಣ. ಹಾಗೆ ಬಣ್ಣ ಕುಡಿದ ಪೇಪರನ್ನು ಒಣಗಿಸಿ, ಉದ್ದುದ್ದ ಪಟ್ಟಿ ಕತ್ತರಿಸಿ, ಒಂದರೊಳಗೊಂದು ಉಂಗುರ ಸೇರಿಸಿ ಅಂಟಿಸಿದರೆ ಸರಪಳಿ. ಮೂಲೆಯ ಡಬ್ಬಿಯಲ್ಲಿ ಜಾಲಿಯ ಕೊಂಬೆ ನೆಟ್ಟು, ಅದರ ಒಂದೊಂದು ಬಿಳಿ ಮುಳ್ಳಿಗೂ ಜೋಳದ ಅರಳು ಚುಚ್ಚಿದ್ದೆವು. ಅದು ಮಲ್ಲಿಗೆ ಬಿಟ್ಟ ಗಿಡದಂತೆ ಕಾಣುತ್ತಿತ್ತು. "ಮುಳ್ಳಿಗಿ ಇದಕ್ಕಿಂತ ಚಲೋ ಕೆಲಸ ಸಿಗಂಗಿಲ್ಲ," ಅಂದಿದ್ದರು ಅಕ್ಕೋರು.

ಎಲ್ಲದರ ಹಿಂದೆಯೂ ಒಂದೇ ಹಂಚಿಕೆ: ಒಳಗಿದ್ದವರನ್ನು ಹೊರಗೆ ತರುವುದು. ಎರಡು ದಿನ ಮೊದಲು ಗೋಡೆಗೆ ಸುಣ್ಣ ಹಚ್ಚಿದಾಗ ಅಕ್ಕೋರು ಬೇಕೆಂದೇ ಸುಣ್ಣವನ್ನು ತೆಳ್ಳಗೆ ಕಲಸಿ, ಬ್ರಶ್ಶನ್ನು ಅಡ್ಡಾದಿಡ್ಡಿ ಸಪ್ಪಳ ಮಾಡಿ ಎಳೆದರು. ಆ ಸಪ್ಪಳ ಕೇಳಿ ಸುಮ್ಮನೆ ಕೂಡುವ ಪೇಂಟರನಿಲ್ಲ ಎಂದು ಅವರ ಲೆಕ್ಕ. ಒಳಗಿನಿಂದ ಒಂದು ಕೆಮ್ಮು ಸಹ ಬರಲಿಲ್ಲ. ನಕ್ಷತ್ರದ ಬಿದಿರ ಸೀಳುಗಳನ್ನು ಬಾಗಿಲ ಹತ್ತಿರವೇ ದಡಾರನೆ ಬೀಳಿಸಿದರು. ಅದಕ್ಕೂ ಇಲ್ಲ. "ಇರಲಿ, ನಾಳೆ ನೋಡೂಣ" ಎಂದು ಅಕ್ಕೋರು ಅವನ್ನು ಎತ್ತಿ ಗೋಡೆಗೆ ಒರಗಿಸಿದರು. ಹೀಗೆ ಎರಡು ನಾಳೆಗಳು ಮುಗಿದು ಮಗಳು ಬರುವ ದಿನವೇ ಬಂದಿತ್ತು.

ಸರಪಳಿಯ ಕೆಲಸದಲ್ಲಿ ಅಕ್ಕೋರದು ಒಂದೇ ಕಾಯಿದೆ. ಓದಿದ ಮೇಲೆ ಕತ್ತರಿ. ಹಾಳೆಯನ್ನು ಅವರು ಗಟ್ಟಿಯಾಗಿ ಓದಬೇಕು, ಓದಿ ಕೊಟ್ಟ ಮೇಲೆ ನಾನು ಪಟ್ಟಿ ಮಾಡಬೇಕು. ಅತ್ತೆಗೆ ಇದು ತಡೆಯದು. "ಅಯ್ಯ, ಇದೇನು ಸರಪಳಿನೋ ಪುರಾಣನೋ? ಹಿಂಗ ಓದಕೋತ ಕುಂತ್ರ ಬಡಾದಿನ ಹೋಗಿ ಯುಗಾದಿ ಬರ್ತದ," ಎಂದು ಗೊಣಗುತ್ತಿದ್ದರು. ಗೊಣಗುತ್ತಲೇ, ಕಥೆ ಚೆನ್ನಾಗಿದ್ದರೆ ಅಂಟು ಹಚ್ಚುವ ಬೆರಳು ನಿಲ್ಲಿಸಿ ಬಾಯಿ ತೆರೆದು ಕೇಳುತ್ತಿದ್ದರು.

ಹಿಂದಿನ ದಿನ ಅಕ್ಕೋರು ಶಾಲೆಗೆ ಹೋಗಿದ್ದಾಗ ಅತ್ತೆ ನನ್ನನ್ನು ಅವಸರ ಮಾಡಿದ್ದರು. "ಓದೂದು ಗೀದೂದು ಬಿಡು, ಜಲ್ದಿ ಜಲ್ದಿ ಕತ್ತರಸು. ಅಕ್ಕೋರಿಗಿ ಏನ ತಿಳೀತದ?" ನಾನೂ ಆಗಲೆಂದು ಹತ್ತಾರು ಹಾಳೆಗಳನ್ನು ಓದದೆಯೇ ಕತ್ತರಿಸಿಬಿಟ್ಟಿದ್ದೆ. ಅವೆಲ್ಲ ಆಗಲೇ ಕಿತ್ತಳೆ ನೀಲಿ ಉಂಗುರಗಳಾಗಿ ಜಂತಿಯಿಂದ ಜಂತಿಗೆ ತೂಗುತ್ತಿದ್ದವು.

ಈಗ ಅಕ್ಕೋರು ಮಡಿಲಿನ ಕಟ್ಟಿನಿಂದ ಒಂದು ಹಾಳೆ ತೆಗೆದು ಓದತೊಡಗಿದರು. ಎಲ್ಲಿಯೋ ಒಂದು ಹಳ್ಳಿಯಲ್ಲಿ ಬಾವಿ ತೋಡುವ ಕೂಲಿಯವನೊಬ್ಬ ಬಾವಿಯೊಳಗಿದ್ದಾಗಲೇ ಮೇಲಿನ ಮಣ್ಣು ಕುಸಿಯಿತಂತೆ. ಊರವರೆಲ್ಲ ಸಲಿಕೆ ಹಿಡಿದು ಬಂದರು. ಒಂದು ದಿನವಾಯಿತು. ಬದುಕಿಲ್ಲ ಎಂದು ಹೆಂಡತಿ ಬಳೆ ಒಡೆದುಕೊಳ್ಳಲು ಕೂತಳು. ಆಗ ಕಿವಿ ನೆಲಕ್ಕೆ ಹಚ್ಚಿದ್ದ ಮುದುಕನೊಬ್ಬ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಕೆಳಗಿನಿಂದ ಕಲ್ಲಿಗೆ ಕಲ್ಲು ಬಡಿಯುವ ಸಪ್ಪಳ. ಅಕ್ಕೋರ ದನಿ ಇಳಿಯಿತು. "ಕೂಡಲೇ ಬಿದಿರಿನ ಕೊಳವೆಯೊಂದನ್ನು ಇಳಿಬಿಟ್ಟು ಕೂಗಿ ಕೇಳಲಾಗಿ, ಒಳಗಿನಿಂದ..."

ಅವರು ಅಲ್ಲಿಗೆ ಓದು ನಿಲ್ಲಿಸಿದರು. ಹಾಳೆ ತಿರುವಿದರು.

"ಶೇಷ ಭಾಗ ನಾಕನೇ ಪುಟಕ್ಕ, ಅಂತ."

ಮಡಿಲಿನ ಕಟ್ಟಿನಲ್ಲಿ ಹುಡುಕಿದರು. ನಾಲ್ಕನೆಯ ಪುಟ ಇರಲಿಲ್ಲ. ನನ್ನ ಕಡೆ ನೋಡಿದರು. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಜಂತಿಯ ಕಡೆ ನೋಡಿದರು.

ಅಷ್ಟರಲ್ಲಿ ಮುಚ್ಚಿದ ಬಾಗಿಲ ಹಿಂದಿನಿಂದ ದನಿ ಬಂತು. ಒಂದೇ ಮಾತು.

"ಮುಂದ?"

ಐದು ತಿಂಗಳಲ್ಲಿ ನಾನು ಆ ದನಿ ಕೇಳಿರಲಿಲ್ಲ. ಅಕ್ಕೋರು ತರಗತಿಯಲ್ಲಿ ಅಂಜುಬುರುಕ ಹುಡುಗಿಯೊಬ್ಬಳು ತಾನಾಗಿ ಕೈ ಎತ್ತಿದಾಗ ಸುಮ್ಮನಿರುವಂತೆ ಸುಮ್ಮನಿದ್ದರು.

"ಮುಂದೇನಾತು? ಯಾಕ ನಿಂತ್ರಿ?" ಮತ್ತೆ ದನಿ.

"ಮುಂದಿಂದು ಸರಪಳಿ ಆಗಿ ಮ್ಯಾಲ ಹೋಗ್ಯಾದ್ರಿ," ಅಂದರು ಅಕ್ಕೋರು.

"ಓದಲಾರದ ಕತ್ತರಿಸಿದ್ರಾ? ಯಾರು?"

ನಾನು ಕತ್ತರಿ ಕೆಳಗಿಟ್ಟೆ. "ನಾನ್ರೀ ಕಾಕಾ. ತಪ್ಪಾತು."

"ಹುಡುಕ್ರಿ ಅದನ್ನ. ಮನಷ್ಯಾ ಒಳಗ ಸಿಕ್ಕೊಂಡಾನ, ನೀವು ಸರಪಳಿ ಮಾಡ್ಕೋತ ಕುಂತೀರಿ!"

ನಾನು ಸ್ಟೂಲು ಎಳೆಯಲು ಎದ್ದೆ. ಅಕ್ಕೋರು ಕಣ್ಣಿನಲ್ಲೇ ನನ್ನನ್ನು ಕೂಡಿಸಿದರು. ತಾವೇ ಎದ್ದು ಸ್ಟೂಲನ್ನು ಪಡಸಾಲೆಯ ನಡುವೆ ಇಟ್ಟರು. ಅದರ ಸಪ್ಪಳ ಒಳಗೆ ಕೇಳುವಂತೆ ಇಟ್ಟರು.

"ಹುಡಕಬೇಕಂದ್ರ ನಾ ಸ್ಟೂಲ ಹತ್ತಬೇಕು. ಇದರದೊಂದ ಕಾಲು ಗಿಡ್ಡ ಅದ ಅನ್ನೂದು ನಿಮಗ ಗೊತ್ತದ. ಯಾರರೆ ಹಿಡೀಲಾರದ ನಾ ಹತ್ತಂಗಿಲ್ಲ."

"ನಾ ಹಿಡೀತೀ..." ಎಂದು ಅತ್ತೆ ಬಾಯಿ ತೆರೆದರು. ಅಕ್ಕೋರು ಬಾಗಿ ಅವರ ಬಾಯಿಯ ಮೇಲೆ ತಮ್ಮ ಅಂಟಿನ ಕೈಯನ್ನೇ ಇಟ್ಟರು. ಊರಲ್ಲಿ ಯಾರಿಗೂ ತಲೆಬಾಗದ ನಮ್ಮ ಅತ್ತೆ ಆ ಅಂಟನ್ನು ಒರೆಸಿಕೊಳ್ಳದೆ ಹಾಗೆಯೇ ಕೂತರು.

ಒಳಗೆ ಮಂಚ ಕಿರುಗುಟ್ಟಿತು. ಜಾಲಿಯ ಕೊಂಬೆಯಿಂದ ಒಂದು ಅರಳು ಉದುರಿತು. ನಾನು ಮನಸ್ಸಿನಲ್ಲಿ ನಮ್ಮ ಬಸವಣ್ಣನಿಗೂ ಅವರ ಏಸುವಿಗೂ ಒಟ್ಟಿಗೇ ಬೇಡಿಕೊಂಡೆ.

ಅಗಳಿ ಸರಿಯಿತು. ಕಾಕಾ ಬಾಗಿಲಲ್ಲಿ ನಿಂತರು. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ತಪ್ಪಿತ್ತು. ಒಂದು ಕೈಯಿಂದ ಗೋಡೆ ಸವರುತ್ತ ನಾಲ್ಕು ಹೆಜ್ಜೆ ಬಂದು, ಬೆರಳನ್ನು ಮೂಗಿಗೆ ಹಿಡಿದರು.

"ಈ ಸುಣ್ಣ ಯಾರ ಕಲಸಿದ್ರು? ನೀರ ನೀರ ಆಗ್ಯಾದ. ಕೈ ಸವರಿದ್ರ ಎದ್ದ ಬರ್ತದ."

"ನಾನ," ಅಂದರು ಅಕ್ಕೋರು.

"ಇಪ್ಪತ್ತ ವರ್ಷ ಪೇಂಟರನ ಕೂಡ ಸಂಸಾರ ಮಾಡಿ ಇಷ್ಟ ಕಲ್ತ್ರಿ?"

"ಕಲಸೋರು ಒಳಗ ಮಲಗಿದ್ರು. ಏನ ಮಾಡ್ಲಿ?"

ಕಾಕಾ ಬಗ್ಗಿ ತಡವಿ ಸ್ಟೂಲು ಹಿಡಿದರು. ಅಕ್ಕೋರು ಹತ್ತಿದರು. ಬೀಳಬಾರದೆಂದು ಒಂದು ಕೈಯನ್ನು ಗಂಡನ ತಲೆಯ ಮೇಲೆ ಊರಿ, ಇನ್ನೊಂದು ಕೈಯಿಂದ ಸರಪಳಿಯ ಉಂಗುರಗಳನ್ನು ಒಂದೊಂದಾಗಿ ತಿರುವುತ್ತ ಓದತೊಡಗಿದರು.

"ಹತ್ತಿ ಧಾರಣೆ ಕುಸಿತ... ಇದಲ್ಲ. ಕನ್ಯೆ ಬೇಕಾಗಿದ್ದಾಳೆ, ಗೃಹಕೃತ್ಯದಲ್ಲಿ..."

"ಬಿಡ್ರಿ ಅದನ್ನ, ನಮಗ ಈಗ ಕನ್ಯಾ ಬ್ಯಾಡ," ಅಂದರು ಕಾಕಾ.

ಅತ್ತೆ ಕಿಸಕ್ಕೆಂದರು. ನೀಲಿ ಉಂಗುರಗಳ ನಡುವೆ ಬಾವಿಯ ಸುದ್ದಿಯ ಒಂದು ತುಂಡು ಸಿಕ್ಕಿತು: ಒಳಗಿನಿಂದ ಕ್ಷೀಣ ಧ್ವನಿ ಬಂತು, ಕೊಳವೆಯಲ್ಲಿ ಹಾಲು ಇಳಿಸಿದರು. ಸ್ವಲ್ಪ ಮುಂದೆ ಇನ್ನೊಂದು: ಮೂರನೆಯ ದಿನ ಮಧ್ಯಾಹ್ನ ಕೊನೆಯ ಬಂಡೆ ಸರಿಸುವಾಗ ಮತ್ತೆ ಮಣ್ಣು ಜಾರಿತು. ಅಲ್ಲಿಗೆ ಆ ಪಟ್ಟಿ ಮುಗಿಯಿತು. ಕಾಕಾ ಸ್ಟೂಲನ್ನು ಬಿಗಿಯಾಗಿ ಹಿಡಿದು ಮುಖ ಮೇಲೆತ್ತಿದ್ದರು. ಅಕ್ಕೋರು ಅದರ ಪಕ್ಕದ್ದು, ಅದರಾಚೆಯದು ತಿರುವಿದರು. ಹತ್ತು ಉಂಗುರ, ಇಪ್ಪತ್ತು ಉಂಗುರ.

"ಸಿಕ್ತು," ಅಂದರು. ಓದಿದರು. "ಆತನನ್ನು ಜೀವಂತವಾಗಿ ಹೊರಗೆ ತೆಗೆಯಲಾಯಿತು. ಹೊರಗೆ ಬಂದೊಡನೆ ಆತ ಒಂದು ಬೀಡಿ ಕೇಳಿದನು."

"ಬೀಡಿ!" ಕಾಕಾ ನಕ್ಕರು. ನಗುತ್ತ ನಗುತ್ತ ಅವರ ಹೆಗಲು ಅಲುಗಿ ಸ್ಟೂಲೂ ಅಲುಗಿತು. "ಮೂರ ದಿನ ಮಣ್ಣಾಗ ಇದ್ದು ಬೀಡಿ ಕೇಳ್ಯಾನ ಮಗಾ!"

"ಸ್ಟೂಲ ಹಿಡೀರಿ ಮೊದಲ, ನಾ ಬೀಳ್ತೀನಿ!"

ಕೆಳಗಿಳಿದವರೇ ಅಕ್ಕೋರು ಚಹಾಕ್ಕೆ ಒಲೆ ಹಚ್ಚಲು ಹೋದರು. ಸಡಿಲಾಗಿದ್ದ ಸರಪಳಿಯನ್ನು ಬಿಗಿ ಮಾಡಲೆಂದು ನಾನು ಸ್ಟೂಲು ಹತ್ತಿದೆ. ಅವರು ಕೊನೆಗೆ ಹಿಡಿದಿದ್ದ ಉಂಗುರ ಇನ್ನೂ ಬಗ್ಗಿಕೊಂಡೇ ಇತ್ತು. ತಿರುವಿ ನೋಡಿದೆ. ಒಂದು ತಲೆಗೂದಲೆಣ್ಣೆಯ ಜಾಹೀರಾತು. ಆ ಕಡೆ ಈ ಕಡೆ ಎಷ್ಟು ತಿರುವಿದರೂ ಬಾವಿಯೂ ಇಲ್ಲ, ಬೀಡಿಯೂ ಇಲ್ಲ. ಇಲ್ಲದ ಒಂದು ಅಕ್ಷರವನ್ನೂ ಇದೆಯೆಂದು ಓದಗೊಡದ ಅಕ್ಕೋರು! ತಿರುಗಿದರೆ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ಓದಿದ್ಯಾ?" ಅಂದರು ಮೆಲ್ಲಗೆ.

"ಓದಿದೆರಿ."

"ಹಂಗಾರ ಮ್ಯಾಲ ಕಟ್ಟು. ಗಟ್ಟಿ ಕಟ್ಟು."

ಚಹಾ ಬಂತು. ಕಾಕಾ ಕುರ್ಚಿಯ ಮೇಲೆ ಕೂತು, ಬಿದಿರ ಸೀಳುಗಳನ್ನು ತರಿಸಿಕೊಂಡು, ಒಂದೊಂದನ್ನೂ ಬೆರಳಲ್ಲಿ ಅಳೆಯುತ್ತಿದ್ದರು. ಅದನ್ನೇ ನೋಡುತ್ತ ನಮ್ಮ ಅತ್ತೆ ಮುಂದಿಟ್ಟ ಕಪ್ಪನ್ನು ಎತ್ತಿ, ಊದಿ, ಕೊನೆಯ ಗುಟುಕಿನವರೆಗೂ ಕುಡಿದರು. ಕೆಳಗಿಟ್ಟ ಮೇಲೆ ಗೊತ್ತಾಯಿತು.

"ಅಯ್ಯ ಶಿವನ, ನಾ ಏನ ಕುಡದೆ?"

"ಚಹಾ ರೀ," ಅಂದೆ ನಾನು.

ಅತ್ತೆ ಒಂದು ಗಳಿಗೆ ಕಪ್ಪಿನ ತಳ ನೋಡಿದರು. "ಸಕ್ಕರಿ ಕಡಿಮಿ ಆಗ್ಯಾದ," ಅಂದರು. ಅಕ್ಕೋರ ಕೈ ಬಾಯಿಗೆ ಏರಿತು. ಆ ದಿನ ಆ ಕೈಯ ಹಿಂದೆ ನಗುವೊಂದೇ ಇತ್ತೋ, ಮತ್ತೇನಾದರೂ ಇತ್ತೋ, ಹೇಳಲಾರೆ.

ಬಸ್ಸು ತಡವಾಗಿ ಬಂತು. ಮಗಳು ಕೂಸನ್ನು ಎದೆಗವಚಿಕೊಂಡು ಒಳಗೆ ಕಾಲಿಟ್ಟಾಗ ಅವಳ ಅಪ್ಪ ಕುರ್ಚಿಯಲ್ಲಿದ್ದರು. ಮಡಿಲಲ್ಲಿ ಅರ್ಧ ಕಟ್ಟಿದ ನಕ್ಷತ್ರ, ಕೈತುಂಬ ಅಂಟು, ಅಂಗಿಗೆಲ್ಲ ಸುಣ್ಣ. ಅವಳು ಹೊಸ್ತಿಲಲ್ಲೇ ನಿಂತು ಅಳಲು ಶುರುಮಾಡಿದಳು.

"ಯಾಕ ಅಳತಿ? ಇಲ್ಲಿ ಬಾ," ಅಂದರು ಕಾಕಾ. ನಕ್ಷತ್ರವನ್ನು ನನ್ನ ಕೈಗೆ ಕೊಟ್ಟರು. "ತಡಿ, ತಡಿ. ಕೂಸಿನ್ನ ಈಗ ಕೊಡಬ್ಯಾಡ. ಕೈಗಿ ಅಂಟ ಅದ. ತೊಳಕೋತೀನಿ."

ಅಕ್ಕೋರು ತಂಬಿಗೆಯಿಂದ ನೀರು ಹಾಕಿದರು. ಅವರು ಉಗುರುಗಳ ಸಂದಿಯವರೆಗೂ ತಿಕ್ಕಿ ತೊಳೆದು, ಧೋತರದ ಚುಂಗಿನಿಂದ ಒರೆಸಿಕೊಂಡು, ಎರಡೂ ಕೈಗಳನ್ನು ಮುಂದೆ ಚಾಚಿದರು.

ಮರುದಿನ ಬೆಳಿಗ್ಗೆ ಅವರ ಮಾಳಿಗೆಯ ಮೇಲೆ ನಕ್ಷತ್ರ ತೂಗುತ್ತಿತ್ತು. ಅದರ ಒಂದು ಮೂಲೆ ಮಿಕ್ಕವಕ್ಕಿಂತ ಗೇಣುದ್ದ ಹೆಚ್ಚು. ಜಾಲಿಯ ಮುಳ್ಳುಗಳಲ್ಲಿದ್ದ ಅರಳನ್ನೆಲ್ಲ ಗುಬ್ಬಿಗಳು ಒಳಗೆ ನುಗ್ಗಿ ಖಾಲಿ ಮಾಡಿದ್ದವು. ಹಬ್ಬದ ಶುಭ ಹೇಳಲು ಹೋದಾಗ ಕಾಕಾ ತೊಡೆಯ ಮೇಲೆ ಕೂಸನ್ನು ಹಾಕಿಕೊಂಡಿದ್ದರು. ಬೇರೆ ಯಾರೂ ಹತ್ತಿರ ಇರಲಿಲ್ಲ.

"ಆ ಬೀಡಿ ಮಾತು ಪೇಪರದಾಗ ಇರಲಿಲ್ಲ, ಹೌದಲ್ಲ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ನಾನು ತಲೆಯೆತ್ತಿ ಸರಪಳಿಯ ಕಡೆ ನೋಡಿದೆ.

"ಅಚ್ಚಾದದ್ದು ಓದೂವಾಗ ಆಕಿ ದನಿ ಒಂದ ನಮೂನಿ ಇರ್ತದ. ಅದು ನನಗ ಗೊತ್ತದ." ಕೂಸಿನ ಅಂಗಾಲನ್ನು ಹೆಬ್ಬೆರಳಿನಿಂದ ಸವರಿದರು. "ಇರಲಿ. ಬದುಕ್ಯಾನಂತ ಆಕಿ ಹೇಳ್ಯಾಳಂದ್ರ ಬದುಕ್ಯಾನ."

ಈ ಮಾತನ್ನು ನಾನು ಅಕ್ಕೋರಿಗೆ ಯಾವತ್ತೂ ಹೇಳಲಿಲ್ಲ. ಹೇಳಬೇಕಿತ್ತೇನೋ. ಈಗ ಇಬ್ಬರೂ ಇಲ್ಲ.

ಆ ಕ್ರಿಸ್‌ಮಸ್ಸಿನ ಮುಂದಿನ ಬೇಸಿಗೆಯಲ್ಲಿ, ಬಿಸಿಲು ಏರುವ ಹೊತ್ತಿಗೆ, ಕಲ್ಯಾಣದಲ್ಲಿ ಕೂಸಿಗೆ ಜ್ವರ ಬಂದಿದೆಯೆಂದು ಕಾಗದ ಬಂತು. ಅಕ್ಕೋರಿಗೆ ಶಾಲೆಯಲ್ಲಿ ಪರೀಕ್ಷೆ, ಬಿಟ್ಟು ಹೋಗುವಂತಿರಲಿಲ್ಲ. "ನಾ ಹೋಗಿ ಬರ್ತೀನಿ," ಅಂದರು ಕಾಕಾ. ಅಕ್ಕೋರು ಬೇಡ ಅನ್ನಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಕಿಟಕಿಯ ಪಕ್ಕ ಕೂಡಿಸಿ, ಕಂಡಕ್ಟರನಿಗೆ ಒಂದು ಮಾತು ಹೇಳಿ ಶಾಲೆಗೆ ಹೋದರು. ಆ ದಿನ ಸಂಜೆ ಅವರು ಮನೆಯೊಳಗೆ ಹೋಗದೆ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ಅತ್ತೆ ಪಕ್ಕದಲ್ಲಿ ಕೂತು ಅವಲಕ್ಕಿ ಆರಿಸುತ್ತಿದ್ದರು. ಹೊತ್ತು ಮುಳುಗುವ ಮುಂಚೆ ಕಲ್ಯಾಣದ ಬಸ್ಸು ತಿರುಗಿ ಬಂತು. ಅದೇ ಕಂಡಕ್ಟರ್ ಚೀಲ ಹೆಗಲಿಗೇರಿಸಿಕೊಂಡು ನಮ್ಮ ಓಣಿಯವರೆಗೂ ನಡೆದು ಬಂದ.

"ಮುಟ್ಟ್ಯಾರ್ರಿ ಅಕ್ಕೋರ," ಅಂದ. "ಮಗಳ ಮನಿ ಬಾಗಲತನ ನಾನ ಬಿಟ್ಟ ಬಂದೀನಿ. ಕೂಸು ಚಲೋ ಅದ. ನಾಕ ದಿನ ಬರಂಗಿಲ್ಲ, ಅಲ್ಲಿ ಮನೀಗಿ ಸುಣ್ಣ ಹಚ್ಚಸಬೇಕು ಅಂತ ಹೇಳ್ಯಾರ."

ಅಕ್ಕೋರು ಎದ್ದು ಅವನಿಗೆ ಕುಡಿಯಲು ನೀರು ತರಲು ತಮ್ಮ ಮನೆಯೊಳಗೆ ಹೋದರು.